ಕರೆಂಟು, ಸರ್ಕಾರ, ಕಂಪನಿ: ಮೈಸೂರು–ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕರೆಂಟಿನ ವಿಷಯ ಬಂದರೆ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವನ್ನು ವಿದ್ಯುತ್ ದರದ ವಿಚಾರಣೆಗೆ ಬಂದವರು ಕೇಳಿದ್ದು, ಕೆಲವು ಕಾಗದದಲ್ಲಿ ಬಂದವು, ಇನ್ನು ಕೆಲವು ಬಿಲ್ ಹಿಡಿದುಕೊಂಡು ಮನೆಗೇ ಬಂದವರದು. ಕೇಳಿದವರ ಮಾತನ್ನು ತಿದ್ದಲು ಹೋಗಿಲ್ಲ. ಬಿಲ್ಲಿನ ಸಂಗತಿ ಮಾತ್ರ ಬೇಕಾದವರು ನೇರ ಎರಡನೇ ಭಾಗಕ್ಕೆ ಹೋಗಿ.

## ಮೊದಲು ಗೊತ್ತಿರಬೇಕಾದ್ದು

ಊರಲ್ಲೆಲ್ಲ ಇನ್ನೂ ಕೆಇಬಿ ಅಂತಲೇ ಅಂತೀವಿ. ಕೆಇಬಿ ಇದೆಯೋ ಇಲ್ವೋ? ಸೆಸ್ಕ್ ಖಾಸಗಿಯವರದ್ದಾ?

ಕೆಇಬಿ ಹೋಗಿ ಕಾಲು ಶತಮಾನವಾಯಿತು. 1957ರಲ್ಲಿ ಶುರುವಾದ ವಿದ್ಯುತ್ ಮಂಡಳಿಯನ್ನು 1999ರ ಆಗಸ್ಟ್‌ನಲ್ಲಿ ಕೆಪಿಟಿಸಿಎಲ್ ಎಂಬ ಕಂಪನಿ ಮಾಡಿದರು. 2002ರ ಜೂನ್‌ನಲ್ಲಿ ಮನೆಮನೆಗೆ ಕರೆಂಟು ಹಂಚುವ ಕೆಲಸವನ್ನು ಅದರಿಂದ ಬಿಡಿಸಿ ಎಸ್ಕಾಂ ಎಂಬ ನಾಲ್ಕು ವಿತರಣಾ ಕಂಪನಿಗಳಿಗೆ ಕೊಟ್ಟರು. ಆಗ ನಾವು ಮಂಗಳೂರಿನ ಮೆಸ್ಕಾಂ ಪಾಲಿಗೆ ಬಿದ್ದಿದ್ದೆವು. 2005ರ ಏಪ್ರಿಲ್‌ನಿಂದ ಮೈಸೂರಿನಲ್ಲೇ ಪ್ರಧಾನ ಕಚೇರಿಯಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್, ಕೆಲಸ ಶುರುಮಾಡಿತು. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಅದರ ವ್ಯಾಪ್ತಿ.

ಹೆಸರಿಗೆ ಕಂಪನಿಯಾದರೂ ಒಡೆತನ ಸರ್ಕಾರದ್ದು. ಈಗ ಕರೆಂಟು ತಯಾರಿಸುವವರು ಒಬ್ಬರು, ದೊಡ್ಡ ಲೈನಿನಲ್ಲಿ ಸಾಗಿಸುವುದು ಕೆಪಿಟಿಸಿಎಲ್, ಹಂಚುವುದು ಸೆಸ್ಕ್, ದರ ಹೇಳುವುದು ವಿದ್ಯುತ್ ನಿಯಂತ್ರಣ ಆಯೋಗ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ 1912ಕ್ಕೆ ಫೋನ್ ಮಾಡಿದಾಗ ಉತ್ತರ ಕೊಡಬೇಕಾದವರು ಸೆಸ್ಕ್‌ನವರು. ಯೂನಿಟ್ಟಿನ ಬೆಲೆ ಯಾಕೆ ಇಷ್ಟು ಎಂದು ಲೈನ್‌ಮನ್ ಮೇಲೆ ರೇಗಿ ಫಲವಿಲ್ಲ.

ಉದಾರೀಕರಣ ಅಂದ್ರೆ ಕರೆಂಟನ್ನೆಲ್ಲ ದೊಡ್ಡ ಸಾಹುಕಾರರಿಗೆ ಮಾರಿಬಿಡೋದು ತಾನೆ?

ಅಷ್ಟು ಸರಳವಾಗಿದ್ದಿದ್ದರೆ ವಿರೋಧಿಸುವುದೂ ಸುಲಭವಿತ್ತು, ಬೆಂಬಲಿಸುವುದೂ ಸುಲಭವಿತ್ತು. ನಡೆದದ್ದು ತುಂಡುತುಂಡಾಗಿ. 1991ರಲ್ಲಿ ಕೇಂದ್ರ ಸರ್ಕಾರದ ಕೈಯಲ್ಲಿ ವಿದೇಶಿ ವಿನಿಮಯ ಬರಿದಾಗಿತ್ತು, ರಾಜ್ಯಗಳ ವಿದ್ಯುತ್ ಮಂಡಳಿಗಳು ನಷ್ಟದಲ್ಲಿದ್ದವು. ಹೊಸ ಸ್ಥಾವರ ಕಟ್ಟಲು ದುಡ್ಡಿಲ್ಲದೆ ಕಾನೂನು ತಿದ್ದಿ, ಉತ್ಪಾದನೆಗೆ ಖಾಸಗಿಯವರನ್ನೂ ವಿದೇಶಿ ಕಂಪನಿಗಳನ್ನೂ ಕರೆದರು. 1998ರ ಕಾನೂನು ದರ ನಿಗದಿಗೆ ಆಯೋಗಗಳನ್ನು ತಂದಿತು. 2003ರ ವಿದ್ಯುತ್ ಕಾಯ್ದೆ ಉಷ್ಣ ಸ್ಥಾವರ ಕಟ್ಟಲು ಲೈಸೆನ್ಸೇ ಬೇಡವೆಂದಿತು, ದೊಡ್ಡ ಬಳಕೆದಾರರು ತಮಗೆ ಬೇಕಾದವರಿಂದ ಕರೆಂಟು ಕೊಳ್ಳಲು ದಾರಿ ಬಿಟ್ಟಿತು.

ಆದರೆ ಕರ್ನಾಟಕದಲ್ಲಿ ತಂತಿ, ಕಂಬ, ಮೀಟರು ಸರ್ಕಾರಿ ಕಂಪನಿಗಳ ಕೈಯಲ್ಲೇ ಉಳಿದವು. ಒಂದು ಕಡೆ ಖಾಸಗಿ ಮಾರಾಟಗಾರ, ಇನ್ನೊಂದು ಕಡೆ ಸರ್ಕಾರಿ ಖರೀದಿದಾರ, ನಡುವೆ ಒಂದು ಒಪ್ಪಂದದ ಕಾಗದ. ಲಾಭ ಬಂದಾಗ ಯಾರಿಗೆ, ನಷ್ಟ ಬಂದಾಗ ಯಾರ ತಲೆಗೆ ಎಂಬುದು ಆ ಕಾಗದದಲ್ಲಿರುತ್ತದೆ. ನನಗೆ ಕೇಳಿದರೆ, ಖಾಸಗಿಯೋ ಸರ್ಕಾರಿಯೋ ಎಂದು ಕಿತ್ತಾಡುವುದಕ್ಕಿಂತ ಆ ಕಾಗದವನ್ನು ಓದುವುದು ಮೇಲು.

ಶಿವನಸಮುದ್ರದಲ್ಲಿ ಮಹಾರಾಜರ ಕಾಲದಲ್ಲೇ ಎಲ್ಲ ಸರ್ಕಾರವೇ ಮಾಡಿ ತೋರಿಸಿತ್ತಲ್ಲ, ಆಮೇಲೆ ಕಂಪನಿಗಳು ಯಾಕೆ ಬೇಕಾದ್ವು?

ಈ ಮಾತು ಮಂಡ್ಯ ಕಡೆ ತುಂಬಾ ಕೇಳುತ್ತದೆ, ಮಳವಳ್ಳಿಯವರಂತೂ ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆಪಡಬೇಕಾದ್ದೇ. ಆದರೆ ಶಿವನಸಮುದ್ರ ಬರೀ ಸರ್ಕಾರದ ಕೆಲಸವಾಗಿರಲಿಲ್ಲ.

ದಿವಾನ್ ಶೇಷಾದ್ರಿ ಅಯ್ಯರ್ ಮುಂದೆ ನಿಂತು ಯೋಜನೆ ಹಿಡಿದರು, ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರ್ ರೂಪಿಸಿದರು, ದುಡ್ಡು ಮೈಸೂರು ಸರ್ಕಾರದ್ದು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಕರೆಂಟು ಕೊಂಡವರು ಕೋಲಾರದ ಚಿನ್ನದ ಗಣಿ ಕಂಪನಿಗಳು, ಅವುಗಳ ಆಡಳಿತ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿತ್ತು. 1902ರ ಜೂನ್ 30ರಂದು ಕಾವೇರಿಯ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ಹರಿಯಿತು. ಬೆಂಗಳೂರಿಗೆ ಬಂದದ್ದು 1905ರಲ್ಲಿ, ಮೈಸೂರಿಗೆ ಬರುವ ಹೊತ್ತಿಗೆ 1908. ಊರಿನ ಜನಕ್ಕಿಂತ ಮೊದಲು ಗಣಿಗೆ ಕೊಟ್ಟರಲ್ಲ ಎಂದು ಬೇಸರವಾಗಬಹುದು. ಆದರೆ ಗಣಿಯೇ ಗಿರಾಕಿ. ಕೊಳ್ಳುವವರು ಮೊದಲೇ ಗೊತ್ತಿದ್ದರಿಂದ, ಅವರ ಹತ್ತಿರ ಚಿನ್ನದ ದುಡ್ಡೂ ಇದ್ದದ್ದರಿಂದ ಯೋಜನೆ ನಿಂತಿತು. ಕೊಳ್ಳುವವನ ಜೇಬು ತುಂಬಿದ್ದ ಆ ಸ್ಥಿತಿ ನಂತರದ ನೂರು ವರ್ಷಗಳಲ್ಲಿ ಹೆಚ್ಚು ಸಲ ಸಿಗಲಿಲ್ಲ.

ಸರ್ಕಾರದ ಪಾಲಿನ ಹೊಣೆಯೂ ಸಣ್ಣದಲ್ಲ. ಬೇಸಿಗೆಯಲ್ಲಿ ಕಾವೇರಿ ಇಳಿದರೆ ಗಣಿಗೆ ಕರೆಂಟು ಕೊಡುವುದು ಕಷ್ಟ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸಕ್ಕೆ ಕೈಹಾಕಿದ್ದರ ಹಿಂದಿನ ಕಾರಣಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಬೇಕೆಂಬುದೂ ಒಂದು. ನಮ್ಮ ಗದ್ದೆಗೆ ಬರುವ ನಾಲೆಯ ನೀರಿನ ಕಥೆಯಲ್ಲಿ ಗಣಿ ಕಂಪನಿಯ ಕರೆಂಟೂ ಸೇರಿಕೊಂಡಿದೆ. 42 ಮೆಗಾವ್ಯಾಟಿನ ಶಿವನಸಮುದ್ರ, 1940ರ ಶಿಂಷಾ ಸ್ಥಾವರ ಎರಡೂ ಈಗ ರಾಜ್ಯ ಸರ್ಕಾರದ ವಿದ್ಯುತ್ ಉತ್ಪಾದನಾ ಕಂಪನಿ ಕೆಪಿಸಿಎಲ್‌ಗೆ ಸೇರಿದವು.

## ಬಿಲ್ಲು, ಸಬ್ಸಿಡಿ

ದರ ಏರಿಸೋದು ಯಾರು? ಮುಖ್ಯಮಂತ್ರಿ ಮನಸ್ಸು ಮಾಡಿದ್ರೆ ಇಳಿಸೋಕಾಗಲ್ವಾ?

ದರ ನಿಗದಿ ಮಾಡುವುದು ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 1999ರಿಂದ ಇದೆ. ಎಸ್ಕಾಂಗಳು ತಮ್ಮ ಖರ್ಚಿನ ಲೆಕ್ಕ ಇಟ್ಟು ಇಷ್ಟು ಬೇಕು ಎಂದು ಅರ್ಜಿ ಹಾಕುತ್ತವೆ, ಆಯೋಗ ಜನರ ಆಕ್ಷೇಪಣೆ ಕೇಳಿ ಆದೇಶ ಕೊಡುತ್ತದೆ. ಸರ್ಕಾರಕ್ಕೆ ನೇರವಾಗಿ ದರ ತಿದ್ದುವ ಅಧಿಕಾರವಿಲ್ಲ. ಯಾರಿಗಾದರೂ ಕಡಿಮೆಗೆ ಕೊಡಬೇಕೆಂದರೆ ವ್ಯತ್ಯಾಸದ ಹಣವನ್ನು ಖಜಾನೆಯಿಂದ ಮುಂಗಡವಾಗಿ ಎಸ್ಕಾಂಗೆ ಕಟ್ಟಬೇಕು. 2003ರ ಕಾಯ್ದೆಯ 65ನೇ ಕಲಂ ಹೇಳುವುದು ಇಷ್ಟೇ. ದರ ಏರಿದಾಗ ಸರ್ಕಾರ ಆಯೋಗದ ಕಡೆ ಕೈತೋರಿಸುವುದನ್ನೂ, ಇಳಿದಾಗ ಸರ್ಕಾರವೇ ಪತ್ರಿಕಾಗೋಷ್ಠಿ ಕರೆಯುವುದನ್ನೂ ಎಲ್ಲ ಪಕ್ಷಗಳ ಕಾಲದಲ್ಲೂ ನೋಡಿದ್ದೇವೆ.

ಯಾರದ್ದೋ ಪಿಂಚಣಿಗೆ ನಾವ್ಯಾಕೆ ಯೂನಿಟ್ಟಿಗೆ 36 ಪೈಸೆ ಕೊಡಬೇಕು ಸಾರ್?

2025ರ ಏಪ್ರಿಲ್‌ನಿಂದ ಬಂದ ಈ ಸಾಲನ್ನು ಬೆರಳಿಟ್ಟು ತೋರಿಸದವರಿಲ್ಲ. ಮೂಲ 1999ರಲ್ಲಿದೆ. ಮಂಡಳಿಯನ್ನು ಕಂಪನಿ ಮಾಡಲು ಹೊರಟಾಗ ನೌಕರರು ತಮ್ಮ ನಿವೃತ್ತಿ ಹಣದ ಗತಿಯೇನು ಎಂದು ಕೇಳಿದರು. ಪಿಂಚಣಿಗೆ, ಗ್ರಾಚ್ಯುಟಿಗೆ ಭಂಗವಿಲ್ಲ ಎಂಬ ಭರವಸೆ ಸಿಕ್ಕಿತು, ಆ ಭರವಸೆಯಿಂದಲೇ ಸುಧಾರಣೆ ಮುಂದೆ ಹೋಯಿತು. ಅವರಿಗೆ ಪಿಂಚಣಿ ಸಿಗಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಮಾತು ಕೊಟ್ಟ ಮೇಜಿನ ಸುತ್ತ ಗ್ರಾಹಕ ಇರಲಿಲ್ಲ, ಇಪ್ಪತ್ತೈದು ವರ್ಷದ ಮೇಲೆ ಬಿಲ್ ಮಾತ್ರ ಅವನ ಹೆಸರಿಗೆ ಬಂತು. ನಿಮ್ಮ ಬಿಲ್ಲಿನಲ್ಲಿ ಇದು ಬಳಕೆಯ ದರದಿಂದ ಬೇರೆ ಸಾಲಾಗಿ ಇರುತ್ತದೆ. ತಿಂಗಳು ತಿಂಗಳು ಏರಿಳಿಯುವ ಇಂಧನ ಮತ್ತು ಖರೀದಿ ವೆಚ್ಚದ ಹೊಂದಾಣಿಕೆ ಇನ್ನೊಂದು ಸಾಲು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಪಂಪ್‌ಸೆಟ್‌ಗೆ ಫ್ರೀ, ಮನೆಗೆ ಗೃಹಜ್ಯೋತಿ ಫ್ರೀ. ಹಿಂಗಾದ್ರೆ ಸೆಸ್ಕ್ ನಡೆಯೋದು ಹೆಂಗೆ?

ಬಳಸುವವರಿಗೆ ಫ್ರೀ. ಸೆಸ್ಕ್‌ಗೆ ಸರ್ಕಾರ ಕಟ್ಟಬೇಕು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ 2008ರಿಂದ ಬಿಲ್ಲಿಲ್ಲ. 2023ರ ಜುಲೈನಿಂದ ಗೃಹಜ್ಯೋತಿ ಬಂತು: ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ.

ಎರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಮನೆಯಲ್ಲಿ ಮೀಟರಿದೆ, ಸರ್ಕಾರ ಎಷ್ಟು ಯೂನಿಟ್ಟಿಗೆ ದುಡ್ಡು ಕೊಡುತ್ತಿದೆ ಎಂದು ಗೊತ್ತಾಗುತ್ತದೆ. ಪಂಪ್‌ಸೆಟ್‌ಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ಬಳಕೆಯನ್ನು ಫೀಡರ್ (ಸಬ್‌ಸ್ಟೇಷನ್ನಿನಿಂದ ಊರಿಗೆ ಬರುವ ಲೈನ್) ಲೆಕ್ಕದಿಂದ ಅಂದಾಜು ಮಾಡುತ್ತಾರೆ. ಅಂದಾಜಿನ ಕೆಳಗೆ ಸೋರಿಕೆ, ಕಳ್ಳತನ ಎಲ್ಲವನ್ನೂ ಮುಚ್ಚಿಡಬಹುದು. ರಾತ್ರಿ ಎರಡಕ್ಕೆ ಮೂರು ಫೇಸು ಬಂತೆಂದು ಟಾರ್ಚ್ ಹಿಡಿದು ಗದ್ದೆಗೆ ಹೋಗುವ ರೈತನ ಹೆಸರಿಗೆ, ಅವನು ಬಳಸದ ಯೂನಿಟ್ಟೂ ಬರೆದಿರುತ್ತದೆಯೇ ಎಂಬ ಅನುಮಾನ ಹಳೆಯದು. ಮೀಟರ್ ಹಾಕಲು ಬಂದರೆ ನಾಳೆ ಬಿಲ್ ಕೊಡುತ್ತಾರೆಂದು ರೈತರು ತಡೆಯುತ್ತಾರೆ, ಆ ಭಯವೂ ಸುಳ್ಳಲ್ಲ. ಅಳತೆಗೆ ಮಾತ್ರ ಮೀಟರು, ಬಿಲ್ಲಿಗಲ್ಲ ಎಂದು ಸರ್ಕಾರ ಕಾನೂನಿನಲ್ಲೇ ಬರೆದುಕೊಟ್ಟರೆ ಮಾತ್ರ ಈ ಗಂಟು ಬಿಚ್ಚೀತು ಅನ್ನುವುದು ನನ್ನ ಅಭಿಪ್ರಾಯ.

ಸರ್ಕಾರ ಕೊಡುವ ಹಣ ತಡವಾದರೆ ಏನಾಗುತ್ತದೆ? ಸೆಸ್ಕ್ ಸಾಲ ಮಾಡುತ್ತದೆ, ಇಲ್ಲವೇ ಉತ್ಪಾದಕರಿಗೆ ಬಾಕಿ ಇಡುತ್ತದೆ. ಬಾಕಿ ಬೆಳೆದರೆ ಮುಂದಿನ ಹೂಡಿಕೆದಾರ ಹೆಚ್ಚು ದರ ಕೇಳುತ್ತಾನೆ. ಸುತ್ತಿ ಬಳಸಿ ಅದೂ ನಮ್ಮ ಬಿಲ್ಲಿಗೇ ಬರುತ್ತದೆ.

ಗೃಹಜ್ಯೋತಿ ಇದ್ದರೆ ಛಾವಣಿ ಸೋಲಾರ್ ಹಾಕಿಸಬೇಕಾ?

ಬಿಲ್ ಸೊನ್ನೆ ಬರುತ್ತಿದ್ದರೆ ಲೆಕ್ಕದ ಪ್ರಕಾರ ಅವಸರವಿಲ್ಲ. 200 ಯೂನಿಟ್ ದಾಟುವ ಮನೆಯಾದರೆ ನೋಡಿ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಮೇಲಕ್ಕೆ 78,000 ರೂಪಾಯಿ ಸಹಾಯಧನವಿದೆ. ಒಂದು ಸರ್ಕಾರ ಸೋಲಾರ್ ಹಾಕಿ ಎನ್ನುತ್ತದೆ, ಇನ್ನೊಂದು ಹಾಕದಿದ್ದರೂ ಫ್ರೀ ಎನ್ನುತ್ತದೆ. ಮಾರುವವರ ಕಷ್ಟ ದೇವರಿಗೇ ಗೊತ್ತು.

## ಕೈಗಾರಿಕೆ, ಕಬ್ಬು, ಜಮೀನು

ಹೂಟಗಳ್ಳಿಯಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ. ಸೆಸ್ಕ್ ಬಿಟ್ಟು ಬೇರೆಯವರಿಂದ ಕರೆಂಟು ತಗೋಬಹುದಾ?

ತಗೋಬಹುದು, ತಂತಿ ಮಾತ್ರ ಸೆಸ್ಕ್‌ನವರದ್ದೇ. ಇದನ್ನು ಓಪನ್ ಆಕ್ಸೆಸ್ ಎನ್ನುತ್ತಾರೆ. ಮೊದಲು 1 ಮೆಗಾವ್ಯಾಟ್ ಮೇಲಿನ ಬಳಕೆದಾರರಿಗಷ್ಟೇ ಇತ್ತು. 2022ರ ಕೇಂದ್ರದ ನಿಯಮಗಳು ಹಸಿರು ವಿದ್ಯುತ್ತಿಗೆ ಆ ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸಿದವು, ಹಾಗಾಗಿ ಹೆಬ್ಬಾಳ, ಹೂಟಗಳ್ಳಿ, ನಂಜನಗೂಡಿನ ಮಧ್ಯಮ ಘಟಕಗಳಿಗೂ ಬಾಗಿಲು ತೆರೆದಿದೆ.

ಮಾರುವವರು ಹೇಳುವ ಯೂನಿಟ್ ದರ ನೋಡಿ ಮರುಳಾಗಬೇಡಿ. ಅದರ ಮೇಲೆ ದೊಡ್ಡ ಲೈನಿನ ಸಾಗಣೆ ಶುಲ್ಕ, ಸೆಸ್ಕ್ ತಂತಿ ಬಳಸಿದ್ದಕ್ಕೆ ವೀಲಿಂಗ್ ಶುಲ್ಕ, ದಾರಿಯ ನಷ್ಟ, ಜೊತೆಗೆ ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ಬೀಳುತ್ತದೆ. ಕೈಗಾರಿಕೆಗಳು ವೆಚ್ಚಕ್ಕಿಂತ ಹೆಚ್ಚು ಕೊಟ್ಟು ಉಳಿದವರ ಹೊರೆ ಸ್ವಲ್ಪ ಹೊರುತ್ತವೆ. ಬಿಟ್ಟುಹೋಗುವಾಗ ಆ ಪಾಲು ಕೊಟ್ಟು ಹೋಗಿ ಎಂಬುದೇ ಈ ಸರ್ಚಾರ್ಜ್. ತಪ್ಪಿಸಿಕೊಳ್ಳುವ ಕಾನೂನುಬದ್ಧ ದಾರಿ ಸ್ವಂತ ಉತ್ಪಾದನೆ, ಅಂದರೆ ಕ್ಯಾಪ್ಟಿವ್: ಕೆಲವು ಕಾರ್ಖಾನೆಗಳು ಸೇರಿ ಘಟಕದಲ್ಲಿ ಕನಿಷ್ಠ ಶೇ. 26 ಪಾಲು ಹೊಂದಿ, ಅದರ ಕರೆಂಟಿನಲ್ಲಿ ಕನಿಷ್ಠ ಶೇ. 51ನ್ನು ತಾವೇ ಬಳಸಬೇಕು. ಯಾವುದೇ ವರ್ಷ ಈ ಲೆಕ್ಕ ತಪ್ಪಿದರೆ ಕ್ಯಾಪ್ಟಿವ್ ಎಂಬ ಪಟ್ಟ ಆ ವರ್ಷಕ್ಕೆ ಹೋಗುತ್ತದೆ. ಸಹಿ ಮಾಡುವ ಮುಂಚೆ ಆಗ ಸರ್ಚಾರ್ಜ್ ಯಾರು ಕಟ್ಟಬೇಕು ಎಂದು ಕೇಳಿ, ಬರವಣಿಗೆಯಲ್ಲಿ ಪಡೆಯಿರಿ.

ಸರ್ಕಾರದ ಕಡೆಯಿಂದ ಒಂದು ಸಣ್ಣ ರಿಯಾಯಿತಿ ಎಷ್ಟು ದೂರ ಹೋಗಬಹುದು ಎಂಬುದಕ್ಕೂ ಉದಾಹರಣೆ ಇಲ್ಲಿದೆ. 2018ರ ಮಾರ್ಚ್ 31ರೊಳಗೆ ಶುರುವಾಗುವ ಸೋಲಾರ್ ಘಟಕಗಳಿಗೆ 10 ವರ್ಷ ಈ ಶುಲ್ಕಗಳಿಲ್ಲ ಎಂದು ಕೆಇಆರ್‌ಸಿ ಹೇಳಿತ್ತು. ಆ ಮಾರ್ಚ್ ಹತ್ತಿರ ಬಂದಂತೆ ರಾಜ್ಯದಲ್ಲಿ ಪ್ಯಾನೆಲ್ ಹಾಕುವವರ ನೂಕುನುಗ್ಗಲು.

ಸಕ್ಕರೆ ಫ್ಯಾಕ್ಟರಿಯವರು ನಮ್ಮ ಕಬ್ಬಿನ ಸಿಪ್ಪೆಯಲ್ಲಿ ಕರೆಂಟು ಮಾಡಿ ಮಾರ್ತಾರೆ. ನಮಗೆ ಅದರಲ್ಲಿ ಪಾಲಿಲ್ವಾ?

ಆಲೆಮನೆಯಲ್ಲಿ ಗಾಣದಿಂದ ಬಂದ ಸಿಪ್ಪೆಯನ್ನು ಬಿಸಿಲಿಗೆ ಹರವಿ, ಒಣಗಿದ್ದನ್ನು ಕೊಪ್ಪರಿಗೆಯ ಒಲೆಗೆ ತುಂಬುವುದನ್ನು ಮಂಡ್ಯದವರಿಗೆ ಹೇಳಬೇಕಿಲ್ಲ. ಫ್ಯಾಕ್ಟರಿಯಲ್ಲೂ ಅದೇ ಸಿಪ್ಪೆ, ಅರೆದ ಕಬ್ಬಿನ ತೂಕದಲ್ಲಿ ಸುಮಾರು ಶೇ. 30. ಬಾಯ್ಲರ್‌ನಲ್ಲಿ ಸುಟ್ಟು ಹಬೆಯಿಂದ ಮೊದಲು ಟರ್ಬೈನ್ ತಿರುಗಿಸುತ್ತಾರೆ, ಅಲ್ಲಿಂದ ಹೊರಬಂದ ಹಬೆಯಲ್ಲೇ ರಸ ಕಾಯಿಸುತ್ತಾರೆ. ಮಿಕ್ಕ ಕರೆಂಟು ಗ್ರಿಡ್ಡಿಗೆ. ಇದೇ ಸಹವಿದ್ಯುತ್.

ಪಾಲಿನ ಪ್ರಶ್ನೆಗೆ ಉತ್ತರ ಸ್ವಲ್ಪ ಕಹಿ. ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಬ್ಬಿಗೆ ಫ್ಯಾಕ್ಟರಿ ಕೊಡಲೇಬೇಕಾದ ಕನಿಷ್ಠ ಬೆಲೆ, ನಿಗದಿ ಮಾಡುವಾಗ ಮೊಲಾಸಸ್, ಸಿಪ್ಪೆ, ಮಡ್ಡಿಯ ಆದಾಯವನ್ನೂ ಪರಿಗಣಿಸಬೇಕೆಂದು ಕಬ್ಬು ನಿಯಂತ್ರಣ ಆದೇಶದಲ್ಲಿದೆ. 2012ರ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಉಪಉತ್ಪನ್ನಗಳ ಒಟ್ಟು ಮೌಲ್ಯದಲ್ಲಿ ಶೇ. 70 ರೈತರಿಗೆ ಎಂದಿತು. ಬರೀ ಸಕ್ಕರೆಯ ಲೆಕ್ಕವಾದರೆ ಶೇ. 75. ಸೂತ್ರ ಚೆನ್ನಾಗಿದೆ, ತೊಡಕಿರುವುದು ಲೆಕ್ಕದಲ್ಲಿ. ಫ್ಯಾಕ್ಟರಿ ಎಷ್ಟು ಯೂನಿಟ್ ಮಾರಿತು, ಎಸ್ಕಾಂ ಯಾವ ದರಕ್ಕೆ ಕೊಂಡಿತು ಎಂಬುದು ಖರೀದಿ ಒಪ್ಪಂದದಲ್ಲೂ ಆಯೋಗದ ಆದೇಶಗಳಲ್ಲೂ ಇರುತ್ತದೆ. ಕಬ್ಬಿನ ಬೆಲೆಯ ಹೋರಾಟಕ್ಕೆ ಹೋಗುವವರು ವಿದ್ಯುತ್ ದರದ ಆದೇಶವನ್ನೂ ಕೈಯಲ್ಲಿ ಹಿಡಿದು ಹೋದರೆ ಮಾತಿಗೆ ತೂಕ ಬರುತ್ತದೆ. ಎರಡೂ ಬೇರೆ ಇಲಾಖೆ ಎಂದು ಕೈಬಿಡುವುದನ್ನೇ ಹೆಚ್ಚು ಕಂಡಿದ್ದೇನೆ.

ಪಾವಗಡದಲ್ಲಿ ಜಮೀನು ಸೋಲಾರ್‌ಗೆ ಕೊಟ್ಟು ಕೂತು ಉಣ್ತಾರಂತೆ. ನಾಗಮಂಗಲದಲ್ಲಿ ನಾವೂ ಕೊಡಬಹುದಾ?

ಪಾವಗಡದ್ದು ಸರ್ಕಾರ ಮತ್ತು ಕಂಪನಿ ಹೊಣೆ ಹಂಚಿಕೊಂಡ ಒಳ್ಳೆಯ ಮಾದರಿ, ಆದರೆ ಕೂತು ಉಣ್ಣುವ ಭಾಗ ಅರ್ಧಸತ್ಯ. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್, ಕೇಂದ್ರದ ಸೋಲಾರ್ ನಿಗಮ ಸೇರಿ 2015ರಲ್ಲಿ ಒಂದು ಕಂಪನಿ ಮಾಡಿದವು. ಅದು ಸುಮಾರು 13,000 ಎಕರೆಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಿತು. ರಸ್ತೆ, ಸಬ್‌ಸ್ಟೇಷನ್, ಲೈನ್ ಅದರದ್ದೇ ಹೊಣೆ, ಪ್ಯಾನೆಲ್ ತಂದು ಕೂರಿಸುವುದು ಹರಾಜಿನಲ್ಲಿ ಗೆದ್ದ ಕಂಪನಿಗಳ ಪಾಲು. ಜಮೀನಿನ ತಂಟೆ ಕಂಪನಿಗಿಲ್ಲ, ಪ್ಯಾನೆಲ್ಲಿನ ಬಂಡವಾಳ ಸರ್ಕಾರಕ್ಕಿಲ್ಲ. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿಯಾಯಿತು. ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ.

ಜಮೀನಿದ್ದವರಿಗೆ ಬಾಡಿಗೆ ಬಂತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ಒಪ್ಪಂದದಲ್ಲಿ ಜಾಗವಿರಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಗದ್ದೆಯನ್ನು ಇದಕ್ಕೆ ಕೊಡುವುದು ಮೂರ್ಖತನ. ನಾಗಮಂಗಲದ ಒಣಭೂಮಿಯ ಮಾತು ಬೇರೆ, ಅಲ್ಲಿಯೂ ಹತ್ತಿರದಲ್ಲಿ ಸಬ್‌ಸ್ಟೇಷನ್ ಇದ್ದರಷ್ಟೇ. ರೈತರ ಸೋಲಾರ್‌ಗೆಂದೇ ಇರುವ ಕೇಂದ್ರದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರ್‌ಗಳಿಗೆ ಸಣ್ಣ ಸೋಲಾರ್ ಘಟಕ ಹಾಕುವ ಕೆಲಸ ನಡೆದಿದೆ. ಯಾರಾದರೂ ಮಧ್ಯವರ್ತಿ ಬಂದು ಅಡ್ವಾನ್ಸ್ ಕೊಡುತ್ತೇನೆ ಎಂದರೆ, ಖರೀದಿ ಒಪ್ಪಂದ ಯಾರ ಹೆಸರಿನಲ್ಲಿದೆ ತೋರಿಸಪ್ಪ ಎನ್ನಿ.

## ಒಳಗಿನ ಗಂಟುಗಳು

ಕರೆಂಟು ತಗೊಳ್ಳದೇ ಇದ್ರೂ ಕಂಪನಿಗೆ ದುಡ್ಡು ಕೊಡಬೇಕಂತೆ, ಹೌದಾ?

ಹೌದು. ಉಷ್ಣ ಸ್ಥಾವರದ ಒಪ್ಪಂದದಲ್ಲಿ ಎರಡು ದರವಿರುತ್ತವೆ. ಕಟ್ಟಿದ ಸಾಲ, ಬಡ್ಡಿ, ಲಾಭಕ್ಕೆ ಸ್ಥಿರ ವೆಚ್ಚ, ಸುಟ್ಟ ಕಲ್ಲಿದ್ದಲಿಗೆ ಬಳಕೆಯ ವೆಚ್ಚ. ಸ್ಥಾವರ ಸಿದ್ಧವಿದ್ದರೆ ಸಾಕು, ಸ್ಥಿರ ವೆಚ್ಚ ಕಟ್ಟಲೇಬೇಕು. ಛತ್ರ ಬುಕ್ ಮಾಡಿ ಮದುವೆ ಮುಂದಕ್ಕೆ ಹೋದರೂ ಬಾಡಿಗೆ ತಪ್ಪದಲ್ಲ, ಹಾಗೆ. ಇಂಥ ಖಾತರಿಯಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ, ಆದ್ದರಿಂದ ಷರತ್ತೇ ಅನ್ಯಾಯ ಎನ್ನಲಾಗದು. ಎಷ್ಟು ದೊಡ್ಡ ಛತ್ರ ಹಿಡಿದಿರಿ ಎಂಬಲ್ಲಿ ಎಡವಟ್ಟಾಗುತ್ತದೆ.

ಮಹಾರಾಷ್ಟ್ರದ ದಾಭೋಳ್ ಇದರ ದೊಡ್ಡ ಪಾಠ. 1993ರಲ್ಲಿ ಎನ್ರಾನ್ ಜೊತೆ ಅಲ್ಲಿನ ವಿದ್ಯುತ್ ಮಂಡಳಿ ಸಹಿ ಮಾಡಿತು. ದರ ಡಾಲರ್‌ಗೆ ಕಟ್ಟಿತ್ತು, ಇಂಧನದ ಬೆಲೆಯೇರಿಕೆ ಪೂರ್ತಿ ಮಂಡಳಿಯ ಮೇಲೆ, ಮೇಲಿಂದ ಮಂಡಳಿ, ರಾಜ್ಯ ಕಟ್ಟದಿದ್ದರೆ ತಾನು ಕಟ್ಟುತ್ತೇನೆಂಬ ಕೇಂದ್ರದ ಪ್ರತಿಖಾತರಿ. ರೂಪಾಯಿ ಇಳಿಯಿತು, ಅಲ್ಲಿ ಸುಡುತ್ತಿದ್ದ ನಾಫ್ತಾ ಇಂಧನದ ಬೆಲೆ ಏರಿತು, ಕರೆಂಟು ಕೊಳ್ಳಲಾಗದ ಬೆಲೆಗೆ ಹೋಯಿತು. 2001ರ ಮೇ ತಿಂಗಳಲ್ಲಿ ಸ್ಥಾವರ ನಿಂತಿತು, ಡಿಸೆಂಬರ್‌ನಲ್ಲಿ ಎನ್ರಾನ್ ಕಂಪನಿಯೇ ದಿವಾಳಿ. ಅಪಾಯವನ್ನು ತಡೆಯಬಲ್ಲವನ ಮೇಲೆ ಹೊರಿಸದೆ ಎಲ್ಲವನ್ನೂ ಕೊಳ್ಳುವವನ ಮೇಲೆ ಹೇರಿದರೆ ಆಗುವುದು ಇದು.

ನಮ್ಮಲ್ಲಿ ಕೋಜೆಂಟ್ರಿಕ್ಸ್. ಕರಾವಳಿಯ ನಂದಿಕೂರಿನಲ್ಲಿ 1,000 ಮೆಗಾವ್ಯಾಟ್ ಕಟ್ಟುತ್ತೇನೆಂದು ಬಂದ ಅಮೆರಿಕದ ಕಂಪನಿ, ವರ್ಷಗಟ್ಟಲೆ ಅನುಮತಿ, ಪರಿಸರದ ಹೋರಾಟ, ಕೋರ್ಟು ಎಂದು ಅಲೆದು 1999ರ ಡಿಸೆಂಬರ್‌ನಲ್ಲಿ ಕೈಚೆಲ್ಲಿ ಹೋಯಿತು. ಬೇರೆ ಕಂಪನಿ ಅದೇ ಸೀಮೆಯಲ್ಲಿ ಆಮದು ಕಲ್ಲಿದ್ದಲಿನ 1,200 ಮೆಗಾವ್ಯಾಟ್ ಸ್ಥಾವರ ಕಟ್ಟಿತು. ಅದೇ ಉಡುಪಿಯ ಯುಪಿಸಿಎಲ್, ಈಗ ಅದಾನಿ ಸಮೂಹದ್ದು. ಸೋಲಾರ್ ಹೆಚ್ಚಾದ ಮೇಲೆ ಹಗಲಿನಲ್ಲಿ ಕಲ್ಲಿದ್ದಲು ಸ್ಥಾವರಗಳು ಇಳಿಸಿ ಓಡುತ್ತವೆ, ಸಂಜೆ ಆರರ ಮೇಲೆ ಅವೇ ಬೇಕು. ಹಗಲು ಸುಮ್ಮನಿದ್ದದ್ದಕ್ಕೂ ಕೊಡುವ ಸ್ಥಿರ ವೆಚ್ಚವನ್ನು ಸಂಜೆಯ ಕರೆಂಟಿನ ಬೆಲೆ ಎಂದು ನೋಡುವುದು ಸರಿ.

ದೆಹಲಿಯಲ್ಲಿ ಖಾಸಗಿ ಮಾಡಿದ ಮೇಲೆ ಸರಿಹೋಯ್ತಂತೆ. ಸೆಸ್ಕನ್ನೂ ಕೊಟ್ಟುಬಿಡಬಹುದಲ್ಲ?

ದೆಹಲಿಯ ಜೊತೆ ಒಡಿಶಾವನ್ನೂ ಇಟ್ಟು ನೋಡಿ. 1999ರಲ್ಲಿ ಒಡಿಶಾ ವಿತರಣೆಯನ್ನು ನಾಲ್ಕು ಕಂಪನಿಗಳಾಗಿ ಖಾಸಗಿಗೆ ಕೊಟ್ಟು ದೇಶದಲ್ಲೇ ಮೊದಲನೆಯದಾಯಿತು. ಅದೇ ಅಕ್ಟೋಬರ್‌ನಲ್ಲಿ ಮಹಾ ಚಂಡಮಾರುತ. ಸೋರಿಕೆ, ಕಳ್ಳತನ, ವಸೂಲಾಗದ ಬಿಲ್ಲುಗಳಿಂದಾಗುವ ನಷ್ಟ ಎಷ್ಟೆಂದು ಸರಿಯಾಗಿ ಅಳೆಯದೆ ಮಾರಿದ್ದರಿಂದ ಕೊಂಡವರ ಲೆಕ್ಕ ತಪ್ಪಿತು, ಸರ್ಕಾರದ ಕೈ ಆಸರೆಯೂ ಇರಲಿಲ್ಲ. ಅಮೆರಿಕದ ಎಇಎಸ್ 2001ರಲ್ಲಿ ಹೊರಟುಹೋಯಿತು, ಉಳಿದ ಮೂರರ ಪರವಾನಗಿಯನ್ನು 2015ರಲ್ಲಿ ಆಯೋಗ ರದ್ದು ಮಾಡಿತು. ಈಗ ನಾಲ್ಕೂ ಟಾಟಾ ಪವರ್ ಕೈಯಲ್ಲಿವೆ, ಸರ್ಕಾರದ ಪಾಲೂ ಇದೆ.

ದೆಹಲಿ 2002ರಲ್ಲಿ ಆ ಪಾಠ ಕಲಿತುಕೊಂಡೇ ಹೊರಟಿತು. ದರದ ಬದಲು ನಷ್ಟ ಎಷ್ಟು ಇಳಿಸುತ್ತೀರಿ ಎಂದು ಹರಾಜು ಕರೆಯಿತು, ಶೇ. 49 ಪಾಲು ಇಟ್ಟುಕೊಂಡಿತು, ಮೊದಲ ವರ್ಷಗಳಲ್ಲಿ ಸರ್ಕಾರವೇ ಹಣ ತುಂಬಿತು. ಶೇ. 50 ದಾಟಿದ್ದ ನಷ್ಟ ಶೇ. 10ಕ್ಕಿಂತ ಕೆಳಗಿಳಿದಿದೆ. ಆದರೆ ದರ ಏರಿಸಲು ಬಿಡದೆ ಮುಂದೂಡಿದ ಬಾಕಿ ಸಾವಿರಾರು ಕೋಟಿ ಬೆಳೆದು, ಗ್ರಾಹಕರಿಂದ ವಸೂಲಾಗುವುದು ಇನ್ನೂ ಉಳಿದಿದೆ.

ದೆಹಲಿ ಒಂದು ಊರು. ಸೆಸ್ಕ್‌ಗೆ ಮೈಸೂರು ನಗರವಿದೆ, ಅದರ ಜೊತೆ ಎಚ್.ಡಿ. ಕೋಟೆಯ ಕಾಡಂಚಿದೆ, ಮಳೆಗಾಲದಲ್ಲಿ ಮರ ಬೀಳುವ ಕೊಡಗಿದೆ, ಮೀಟರಿಲ್ಲದ ಲಕ್ಷಾಂತರ ಪಂಪ್‌ಸೆಟ್‌ಗಳಿವೆ. ಕೊಳ್ಳಲು ಬರುವವರಿಗೆ ಬೇಕಾದದ್ದು ನಗರ ಮಾತ್ರ. ವಿದ್ಯುತ್ ತಿದ್ದುಪಡಿ ಮಸೂದೆಗೆ ರೈತಸಂಘದವರು ವಿರೋಧಿಸುವುದರ ಹಿಂದೆ ಇದೇ ಲೆಕ್ಕವಿದೆ: ಒಂದೇ ಪ್ರದೇಶದಲ್ಲಿ ಇನ್ನೊಬ್ಬ ಮಾರಾಟಗಾರ ಬಂದರೆ ಒಳ್ಳೆಯ ಗಿರಾಕಿಗಳನ್ನು ಆರಿಸಿಕೊಂಡು ಹೋಗುತ್ತಾನೆ. 2022ರಲ್ಲಿ ಲೋಕಸಭೆಗೆ ಬಂದ ಆ ಮಸೂದೆ ಪಾಸಾಗದೆ ಬಿದ್ದುಹೋಯಿತು.

ಮತ್ತೆ ಸೆಸ್ಕ್ ಜೊತೆ ಖಾಸಗಿಯವರು ಏನೂ ಮಾಡಲೇ ಇಲ್ವಾ?

ಮಾಡಿದ್ದಾರೆ. ಕೇಂದ್ರ ಸರ್ಕಾರ ದೇಶದ 14 ಕಡೆ ಸ್ಮಾರ್ಟ್ ಗ್ರಿಡ್ ಪ್ರಯೋಗಕ್ಕೆ ಕೈಹಾಕಿದಾಗ ಮೈಸೂರಿನ ವಿ.ವಿ. ಮೊಹಲ್ಲಾ ಒಂದಾಗಿತ್ತು. ಸುಮಾರು 22,000 ಗ್ರಾಹಕರು, ಖರ್ಚಿನಲ್ಲಿ ಅರ್ಧ ಕೇಂದ್ರದ್ದು, ತಾಂತ್ರಿಕ ಕೆಲಸ ಎಂಜೆನ್ ಎಂಬ ಬೆಂಗಳೂರಿನ ಕಂಪನಿಯದ್ದು. ಮೀಟರ್ ಬಿಲ್ ಕೊಡುವುದನ್ನು ಖಾಸಗಿಯವರಿಗೆ ವಹಿಸುವುದು, ಗುತ್ತಿಗೆದಾರರಿಂದ ಲೈನ್ ಎಳೆಸುವುದು ನಿತ್ಯದ ಮಾತು. ಇವೆಲ್ಲ ಗದ್ದಲವಿಲ್ಲದೆ ನಡೆಯುತ್ತವೆ.

ನಮ್ಮಂಥವರ ಮಾತು ಆಯೋಗದವರು ಕೇಳ್ತಾರಾ? ಹೋಗಿ ಏನು ಹೇಳಬೇಕು?

ಕೇಳಲೇಬೇಕು, ಕಾನೂನಿದೆ. ಸೆಸ್ಕ್ ಅರ್ಜಿ ಹಾಕಿದ ಮೇಲೆ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಆಕ್ಷೇಪಣೆಗೆ ದಿನ ಕೊಡುತ್ತಾರೆ. ಬರೆದು ಪ್ರಮಾಣಪತ್ರದೊಂದಿಗೆ ಕಳಿಸಿ, ವಿಚಾರಣೆಯ ದಿನ ಹೋಗಿ ಕನ್ನಡದಲ್ಲೇ ಮಾತಾಡಿ. ಅಲ್ಲಿ ಸಾಮಾನ್ಯವಾಗಿ ಮೊದಲು ಮಾತಾಡುವವರು ಕೈಗಾರಿಕಾ ಸಂಘದವರು, ಕೈಯಲ್ಲಿ ಅಂಕಿಅಂಶದ ಕಡತ. ಆಮೇಲೆ ಹಸಿರು ಶಾಲಿನವರು, ಟಿಸಿ ಬದಲಿಸಲು ಎಷ್ಟು ದಿನ ಅಲೆಸಿದರು ಎಂಬ ಸಿಟ್ಟು. ಸಿಟ್ಟು ನ್ಯಾಯವಾದದ್ದೇ, ಆದರೆ ಆದೇಶದಲ್ಲಿ ಅದಕ್ಕೆ ಎರಡು ಸಾಲಿನ ಉತ್ತರ ಸಿಗುತ್ತದೆ.

ಎಸ್ಕಾಂ ಖರ್ಚಿನ ಬಹುಪಾಲು ವಿದ್ಯುತ್ ಖರೀದಿ, ಆದ್ದರಿಂದ ಅರ್ಜಿಯಲ್ಲಿ ಖರೀದಿಯ ಪಟ್ಟಿ ತೆರೆಯಿರಿ. ಯಾವ ಸ್ಥಾವರದಿಂದ ಎಷ್ಟು ಯೂನಿಟ್, ಸ್ಥಿರ ವೆಚ್ಚ ಎಷ್ಟು, ಒಂದು ಯೂನಿಟ್ಟೂ ಕೊಳ್ಳದೆ ದುಡ್ಡು ಕೊಟ್ಟದ್ದು ಯಾರಿಗೆ, ಸರ್ಕಾರದಿಂದ ಬರಬೇಕಾದ ಸಬ್ಸಿಡಿ ಬಾಕಿ ಎಷ್ಟು, ಪಂಪ್‌ಸೆಟ್ ಬಳಕೆಯನ್ನು ಯಾವ ಫೀಡರ್ ಲೆಕ್ಕದಿಂದ ತೆಗೆದಿರಿ. ಈ ಪ್ರಶ್ನೆಗಳಲ್ಲಿ ಒಂದನ್ನಾದರೂ ಬರೆದು ಕೊಟ್ಟರೆ ಸೆಸ್ಕ್ ಲಿಖಿತ ಉತ್ತರ ಕೊಡಬೇಕಾಗುತ್ತದೆ. ಆ ಉತ್ತರದ ಪ್ರತಿ ಇಟ್ಟುಕೊಳ್ಳಿ, ಮುಂದಿನ ವರ್ಷದ ಅರ್ಜಿ ಬಂದಾಗ ಪಕ್ಕದಲ್ಲಿಟ್ಟು ಓದಲು ಬೇಕಾಗುತ್ತದೆ.